ರೇಸ್‌ಗೆ ಇಳಿಯೋ ಆಸೆನಾ? ಕಮ್ಮಿ ದುಡ್ಡಲ್ಲಿ ಮೊದಲ ಕಾರು ಆರಿಸೋದು ಹೇಗೆ: ಪೂರ್ತಿ ಲೆಕ್ಕ ಇಲ್ಲಿದೆ

ಚಿಕ್ಕಮಗಳೂರು: ಕಾಫಿ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ನಮ್ಮ ಕಡೆ ಗ್ಯಾರೇಜ್‌ಗಳಲ್ಲಿ ಒಂದು ಪ್ರಶ್ನೆ ಕೇಳಿ ಬರುತ್ತೆ. "ಅಣ್ಣಾ, ರ‍್ಯಾಲಿ ಓಡಿಸ್ಬೇಕು ಅಂತಿದೀನಿ, ಯಾವ ಗಾಡಿ ತಗೊಳ್ಲಿ?" ಕೇಳೋ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಹಿಂದೆ ಅಪ್ಪ ಮುಖ ಗಂಟು ಹಾಕಿಕೊಂಡು ನಿಂತಿರ್ತಾರೆ.

ಇದು ತಮಾಷೆ ಪ್ರಶ್ನೆಯಲ್ಲ. ರ‍್ಯಾಲಿ ಅನ್ನೋದು ಮಲೆನಾಡಿಗೆ ಹೊಸದೂ ಅಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲೇ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಯವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅಂದ್ರೆ ಇದು ಸರ್ಕಾರವೇ ಒಪ್ಪಿಕೊಂಡ ಆಟ, ಪೋಲಿ ಹುಡುಗರ ಚಟ ಅಲ್ಲ.

ಆದ್ರೆ ಶುರು ಮಾಡೋರಲ್ಲಿ ಬಹಳ ಜನ ಎಡವೋದು ಮೊದಲ ಹೆಜ್ಜೆಯಲ್ಲೇ. ಇರೋ ದುಡ್ಡೆಲ್ಲಾ ಸುರಿದು ಜೋರಾದ ಗಾಡಿ ತಗೊಳ್ತಾರೆ. ಹೆಲ್ಮೆಟ್‌ಗೆ, ಬ್ರೇಕ್‌ಗೆ, ಎಂಟ್ರಿ ಫೀಸ್‌ಗೆ ಏನೂ ಉಳಿಯೋದಿಲ್ಲ. ಗಾಡಿ ಶೆಡ್‌ನಲ್ಲಿ ನಿಲ್ಲುತ್ತೆ. ಅದಕ್ಕಿಂತ ಕೆಟ್ಟದ್ದು, ರಾತ್ರಿ ಬೈಪಾಸ್‌ಗೋ ಘಾಟಿಗೋ ಇಳಿಯುತ್ತೆ.

ಹಾಗಾಗಿ ಮೊದಲೇ ಹೇಳಿಬಿಡೋಣ: ಮೊದಲ ರೇಸ್ ಕಾರು ಅಂದ್ರೆ ಜೋರಾಗಿ ಓಡೋ ಕಾರಲ್ಲ. ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗೋ, ಬಡಿಸಿಕೊಂಡ್ರೆ ಮನೆ ಮುಳುಗದ ಕಾರು.

ಮೊದಲು ಯಾವ ಆಟ ಅಂತ ತೀರ್ಮಾನ ಮಾಡಿ

"ರೇಸ್" ಅಂತ ನಾವು ಒಂದೇ ಮಾತಲ್ಲಿ ಹೇಳಿದ್ರೂ ಅದರಲ್ಲಿ ನಾಲ್ಕು ಬಗೆ ಇದೆ. ಬಗೆ ಬೇರೆಯಾದ್ರೆ ಗಾಡಿಯೂ ಬೇರೆ.

ಟಿಎಸ್‌ಡಿ ರ‍್ಯಾಲಿ: ಟೈಮ್, ಸ್ಪೀಡ್, ಡಿಸ್ಟೆನ್ಸ್ ಅನ್ನೋದರ ಚಿಕ್ಕ ರೂಪ ಇದು. ಇಲ್ಲಿ ವೇಗಕ್ಕೆ ಬೆಲೆ ಇಲ್ಲ. ಆಯೋಜಕರು ಕೊಟ್ಟ ಸರಾಸರಿ ವೇಗದಲ್ಲೇ ಹೋಗಿ, ಸರಿಯಾದ ಹೊತ್ತಿಗೆ ಚೆಕ್ ಪೋಸ್ಟ್ ಮುಟ್ಟಬೇಕು. ಬೇಗ ಹೋದ್ರೂ ಪೆನಾಲ್ಟಿ, ತಡ ಆದ್ರೂ ಪೆನಾಲ್ಟಿ. ಪಕ್ಕದಲ್ಲಿ ಲೆಕ್ಕ ಹಾಕೋಕೆ ಒಬ್ಬ ನ್ಯಾವಿಗೇಟರ್ ಬೇಕು. ಮನೆ ಕಾರೇ ಸಾಕು.

ಆಟೋಕ್ರಾಸ್: ಮೈದಾನದಲ್ಲೋ ಬಯಲಲ್ಲೋ ಗುರುತು ಹಾಕಿದ ಮಣ್ಣಿನ ದಾರಿ. ಗಡಿಯಾರದ ಎದುರು ಓಟ. ಕಡಿಮೆ ಹೊತ್ತಿನಲ್ಲಿ ಮುಗಿಸಿದವನು ಗೆದ್ದ. ಹೊಸಬರು ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಸ್ಪೀಡ್ ರ‍್ಯಾಲಿ: ಮುಚ್ಚಿದ ತೋಟದ ರಸ್ತೆಗಳಲ್ಲಿ ಸ್ಪೆಷಲ್ ಸ್ಟೇಜ್ ಓಟ, ಪಕ್ಕದಲ್ಲಿ ಕೋ-ಡ್ರೈವರ್. ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಮಾಮೂಲಿ ರಸ್ತೆಯಲ್ಲಿ, ಟ್ರಾಫಿಕ್ ನಿಯಮ ಪಾಲಿಸಿಕೊಂಡೇ ಹೋಗಬೇಕು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸೋ ಕೆ-1000 ಇದೇ ಜಾತಿಯದ್ದು.

ಸರ್ಕ್ಯೂಟ್ ರೇಸ್: ಡಾಂಬರು ಟ್ರ್ಯಾಕ್ ಮೇಲೆ ಎಲ್ಲರೂ ಒಟ್ಟಿಗೆ ಓಡೋದು. ಇದಕ್ಕೆ ನಮ್ಮವರು ತಮಿಳುನಾಡಿಗೆ ಹೋಗಬೇಕು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ, ಇಲ್ಲಾ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ. ಗಾಡಿ ಸಾಗಿಸೋ ಖರ್ಚು, ರೂಮು, ಮೆಕ್ಯಾನಿಕ್ ಎಲ್ಲಾ ಸೇರಿ ಜೇಬು ಬೇಗ ಖಾಲಿ.

ನಮ್ಮ ಜಿಲ್ಲೆಯವರಿಗೆ ಸಹಜವಾದ ದಾರಿ ಅಂದ್ರೆ ಮೊದಲು ಟಿಎಸ್‌ಡಿ, ಆಮೇಲೆ ಆಟೋಕ್ರಾಸ್, ಅದರಲ್ಲಿ ಪಳಗಿದ ಮೇಲೆ ಸ್ಪೀಡ್ ರ‍್ಯಾಲಿ.

ದುಡ್ಡನ್ನು ಮೂರು ಪಾಲು ಮಾಡಿ

ಅಂಗಡಿ ನಡೆಸೋರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ. ಅಂಗಡಿ ಇಡೋಕೆ ಮೂರು ಲಕ್ಷ ಇದ್ರೆ ಮೂರೂ ಲಕ್ಷವನ್ನ ಅಡ್ವಾನ್ಸ್‌ಗೆ ಕೊಡ್ತೀರಾ? ಮಾಲು ಎಲ್ಲಿಂದ ತರ್ತೀರಿ? ಕರೆಂಟ್ ಬಿಲ್ ಯಾರು ಕಟ್ತಾರೆ? ಗಾಡಿ ವಿಷಯವೂ ಹಾಗೇ.

ಕೈಯಲ್ಲಿ ಮೂರು ಲಕ್ಷ ಇದೆ ಅಂತಿಟ್ಕೊಳ್ಳಿ. ಒಂದು ಲಕ್ಷ ಗಾಡಿಗೆ. ಒಂದು ಲಕ್ಷ ಅದನ್ನು ಸರಿ ಮಾಡೋಕೆ ಮತ್ತು ನಿಮ್ಮ ಜೀವ ಕಾಯೋ ಸಾಮಾನಿಗೆ. ಉಳಿದ ಒಂದು ಲಕ್ಷ ಮೊದಲ ವರ್ಷದ ಎಂಟ್ರಿ ಫೀಸ್, ಲೈಸೆನ್ಸ್, ಟೈರು, ಪೆಟ್ರೋಲು, ಊಟ-ವಸತಿಗೆ. ಒಂದೂವರೆ ಲಕ್ಷ ಇದ್ರೆ ಐವತ್ತೈವತ್ತು ಸಾವಿರ. ಆ ಐವತ್ತು ಸಾವಿರಕ್ಕೆ ಒಳ್ಳೆ ಗಾಡಿ ಸಿಗಲಿಲ್ಲ ಅಂದ್ರೆ ಗಾಡಿನೇ ತಗೋಬೇಡಿ. ಆ ವರ್ಷ ಮನೆ ಕಾರಲ್ಲೇ ಟಿಎಸ್‌ಡಿ ಓಡಿಸಿ.

ಈ ಮೂರು ಪಾಲಿನ ಲೆಕ್ಕ ರೂಲ್ ಬುಕ್‌ನಲ್ಲಿ ಬರೆದಿದ್ದಲ್ಲ, ಸುಮ್ನೆ ಒಂದು ಹತೋಟಿ. ಆದ್ರೆ ಇದನ್ನು ಮೀರಿ ಗಾಡಿಗೇ ಹೆಚ್ಚು ಸುರಿದವನು ಎರಡನೇ ಸ್ಪರ್ಧೆ ಹೊತ್ತಿಗೆ ಸಾಲ ಕೇಳ್ತಾ ನಿಂತಿರ್ತಾನೆ.

ಯಾವ ಗಾಡಿ? ಐದು ಹೆಸರು, ಒಳ್ಳೇದು-ಕೆಟ್ಟದ್ದು

ಮಾರುತಿ 800: 1983ರ ಕೊನೆಗೆ ಬಂತು, 2014ರ ಶುರುವಿಗೆ ತಯಾರಿಕೆ ನಿಂತಿತು. 796 ಸಿಸಿ, ಮೂರು ಸಿಲಿಂಡರ್. ಹಗುರ ಗಾಡಿ, ಮುಂದಿನ ಚಕ್ರಕ್ಕೆ ಎಳೆತ. ಓಮ್ನಿಯಲ್ಲಿ ಇದ್ದದ್ದೂ ಇದೇ ಎಂಜಿನ್, ಹಾಗಾಗಿ ಬಿಡಿಭಾಗಕ್ಕೆ ತಾಲ್ಲೂಕು ಬಿಟ್ಟು ಆಚೆ ಹೋಗಬೇಕಾಗಿಲ್ಲ. ಪವರ್ ಕಮ್ಮಿ ಅನ್ನೋದೇ ಇದರ ದೊಡ್ಡ ಗುಣ. ತಿರುವಿನಲ್ಲಿ ತಪ್ಪು ಮಾಡಿ ವೇಗ ಕಳಕೊಂಡ್ರೆ ಎಂಜಿನ್ ನಿಮ್ಮನ್ನು ಕಾಪಾಡೋದಿಲ್ಲ, ಹಾಗಾಗಿ ತಪ್ಪು ತಕ್ಷಣ ಗಡಿಯಾರದಲ್ಲಿ ಕಾಣುತ್ತೆ. ಕೊರತೆ ಅಂದ್ರೆ ಚಕ್ರ 12 ಇಂಚಿನದು, ಮಣ್ಣಿಗೆ ತಕ್ಕ ಟೈರ್‌ನಲ್ಲಿ ಆಯ್ಕೆ ಕಡಿಮೆ. ಹಳೇ ಗಾಡಿಗಳಲ್ಲಿ ತಳ ತುಕ್ಕು ಹಿಡಿದಿರುತ್ತೆ.

ಹಳೇ ಜೆನ್: 1993ರಲ್ಲಿ ಬಂದ 993 ಸಿಸಿ ಗಾಡಿ. ಕೆಳಮಟ್ಟ, ಸ್ಟೇರಿಂಗ್ ಚುರುಕು. ಆಟೋಕ್ರಾಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದ್ರೆ ಈಗ ಒಳ್ಳೆ ಸ್ಥಿತಿಯದ್ದು ಹುಡುಕೋದೇ ಒಂದು ರ‍್ಯಾಲಿ.

ಎಸ್ಟೀಮ್: ನಮ್ಮ ದೇಶದ ರ‍್ಯಾಲಿ, ರೇಸ್ ಎರಡರಲ್ಲೂ ವರ್ಷಗಟ್ಟಲೆ ದುಡಿದ ಗಾಡಿ. 1298 ಸಿಸಿ. ಇದರ ಎಂಜಿನ್, ಜಿಪ್ಸಿ ಕಿಂಗ್‌ನದ್ದು, 2005ರಲ್ಲಿ ಬಂದ ಮೊದಲ ಸ್ವಿಫ್ಟ್‌ನದ್ದು ಎಲ್ಲಾ ಒಂದೇ ಕುಟುಂಬದವು. ಅದಕ್ಕೇ ಹಳೇ ಮೆಕ್ಯಾನಿಕ್‌ಗಳಿಗೆ ಇದರ ನಾಡಿ ಗೊತ್ತು. ಬಾಡಿ ಹಗುರ, ಎಂಪಿಎಫ್‌ಐ ಬಂದ ಮೇಲಿನವು ಚೆನ್ನಾಗಿ ಎಳೀತವೆ. ತಯಾರಿಕೆ 2007ಕ್ಕೇ ನಿಂತಿದೆ, ಹಾಗಾಗಿ ಬಂಪರ್, ಗ್ಲಾಸ್, ಲೈಟು ಬೇಕಾದ್ರೆ ಗುಜರಿ ಅಲೆಯಬೇಕು. ಅದಕ್ಕೆ ಸಿದ್ಧ ಇದ್ರೆ ಕೊಟ್ಟ ದುಡ್ಡಿಗೆ ಇದಕ್ಕಿಂತ ಹೆಚ್ಚು ಕಲಿಸೋ ಗಾಡಿ ಕಷ್ಟ.

ಸ್ವಿಫ್ಟ್ ಪೆಟ್ರೋಲ್: ಬಜೆಟ್ ಸ್ವಲ್ಪ ಹೆಚ್ಚಿದ್ರೆ ಇದೇ ಸೈ. ಯಾವ ಊರಲ್ಲೂ ಸ್ಪೇರ್ ಸಿಗುತ್ತೆ, ಯಾವ ಮೆಕ್ಯಾನಿಕ್ಕೂ ಬಿಚ್ಚಿ ಹಾಕ್ತಾನೆ. ಮೊದಲ ಸ್ವಿಫ್ಟ್ 1.3 ಲೀಟರ್, 2010ರಿಂದ 1.2 ಲೀಟರ್ ಕೆ-ಸೀರೀಸ್. ಎರಡೂ ಗಟ್ಟಿ. ಡೀಸೆಲ್ ಬೇಡ. ಮೂತಿ ಭಾರ, ಟರ್ಬೋ ಕೈಕೊಟ್ರೆ ರಿಪೇರಿ ಬಿಲ್ ನೋಡಿ ತಲೆ ತಿರುಗುತ್ತೆ.

ಜಿಪ್ಸಿ: ಇದರ ಹೆಸರು ಹೇಳದಿದ್ರೆ ಮಲೆನಾಡಿನವರು ಬಿಡೋದಿಲ್ಲ. ತೋಟಕ್ಕೂ ಆಯ್ತು, ಆಟಕ್ಕೂ ಆಯ್ತು ಅನ್ನೋ ಮಾತು ಸುಳ್ಳಲ್ಲ. ರ‍್ಯಾಲಿಗಳಲ್ಲಿ ಜಿಪ್ಸಿಗೇ ಅಂತ ಬೇರೆ ವರ್ಗ ಇಟ್ಟಿದ್ದೂ ಉಂಟು. ಆದ್ರೆ ಹೊಸಬನಿಗೆ ಇದು ಬೇಡ ಅನ್ನೋದೇ ನಮ್ಮ ಮಾತು. ಎತ್ತರದ ಬಾಡಿ, ಲೀಫ್ ಸ್ಪ್ರಿಂಗ್, ಚಿಕ್ಕ ಗಾಲಿ ಅಂತರ. ತಿರುವಿನಲ್ಲಿ ತಪ್ಪಾದ್ರೆ ಬೇರೆ ಗಾಡಿ ಅಡ್ಡ ಜಾರುತ್ತೆ, ಇದು ಮಗುಚುತ್ತೆ. ಮೇಲಾಗಿ ತಯಾರಿಕೆ ನಿಂತ ಮೇಲೆ ಇದರ ರೇಟು ಇಳಿದಿಲ್ಲ. ಮೂರು ಪಾಲಿನ ಲೆಕ್ಕ ಇದರ ಮುಂದೆ ನಿಲ್ಲೋದಿಲ್ಲ.

ಪೋಲೋ, ಹಳೇ ಹೋಂಡಾ ಸಿಟಿ ವಿಟೆಕ್ ಕೂಡ ಆಟದಲ್ಲಿ ಹೆಸರು ಮಾಡಿದವೇ. ಒಳ್ಳೆ ಗಾಡಿಗಳು ಹೌದು. ಆದ್ರೆ ತಾಲ್ಲೂಕು ಮಟ್ಟದಲ್ಲಿ ಸ್ಪೇರ್ ಸಿಗೋದು ಕಷ್ಟ, ಸಿಕ್ರೂ ಮಾರುತಿ ರೇಟಿಗಲ್ಲ. ಅವು ಎರಡನೇ ಗಾಡಿ ಆಗಲಿ.

ತಗೊಳ್ಳೋ ಮುಂಚೆ ಏನು ನೋಡಬೇಕು

ಹೊಳಪು ನೋಡಿ ಮರುಳಾಗಬೇಡಿ. ರೇಸ್‌ಗೆ ಬಣ್ಣ ಮುಖ್ಯ ಅಲ್ಲ, ಎಲುಬು ಮುಖ್ಯ.

ಮೊದಲು ರ‍್ಯಾಂಪ್ ಮೇಲೆ ಹಾಕಿಸಿ ತಳ ನೋಡಿ. ನಮ್ಮ ಮಳೆಗೆ ತುಕ್ಕು ಹಿಡಿಯದ ಗಾಡಿ ಇಲ್ಲ, ಎಲ್ಲಿ ಹಿಡಿದಿದೆ ಅನ್ನೋದೇ ಪ್ರಶ್ನೆ. ಬಾಗಿಲ ಅಂಚಿನಲ್ಲಿ ಹಿಡಿದಿದ್ರೆ ಟಿಂಕರಿಂಗ್‌ನಲ್ಲಿ ಹೋಗುತ್ತೆ. ಮುಂದಿನ ಶಾಕ್ ಅಬ್ಸಾರ್ಬರ್ ಕೂರೋ ಜಾಗ, ಕೆಳಗಿನ ಆರ್ಮ್ ಕೂರೋ ಜಾಗ, ಸೀಟು ಬೋಲ್ಟ್ ಆಗೋ ಜಾಗದಲ್ಲಿ ತೂತಾಗಿದ್ರೆ ಬಿಟ್ಟುಬಿಡಿ. ರೋಲ್ ಕೇಜ್ ಹಾಕೋದೂ ಈ ತಳಕ್ಕೇ. ತಳ ಕೊಳೆತಿದ್ರೆ ಕೇಜ್ ಇದ್ದೂ ಇಲ್ಲದ ಹಾಗೆ.

ಬಾನೆಟ್ ತೆಗೆದು ಒಳಗಿನ ಶೀಟಿನ ವೆಲ್ಡಿಂಗ್ ನೋಡಿ. ಕಂಪನಿಯದ್ದು ಒಂದೇ ಸಮ ಚುಕ್ಕೆ ಚುಕ್ಕೆ ಇರುತ್ತೆ. ಅಡ್ಡಾದಿಡ್ಡಿ ಇದ್ರೆ ದೊಡ್ಡ ಆಕ್ಸಿಡೆಂಟ್ ಆದ ಗಾಡಿ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ತೇಲ್ತಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಯಿಲ್ ಹಾಕೋ ಮುಚ್ಚಳದ ಒಳಗೆ ಮಜ್ಜಿಗೆ ತರ ಬಿಳಿ ನೊರೆ ಇದ್ರೂ ಅದೇ ಅನುಮಾನ ಇಟ್ಕೊಳ್ಳಿ. ಸ್ಟಾರ್ಟ್ ಮಾಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಬಿಡಿ. ಟಕ ಟಕ ಅಂತ ಸದ್ದು ಬಂದ್ರೆ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದೆ. ಇವು ರಿಪೇರಿ ಆಗುವಂಥವೇ, ಆದ್ರೆ ರೇಟು ಇಳಿಸೋಕೆ ಕಾರಣ ಬೇಕಲ್ಲ?

ಕೊನೇದು ಕಾಗದ. ಸ್ಪೀಡ್ ರ‍್ಯಾಲಿ ಗಾಡಿ ಮಾಮೂಲಿ ರಸ್ತೆಗೂ ಇಳಿಯೋದ್ರಿಂದ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲಾ ಚಾಲ್ತಿಯಲ್ಲಿರಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಣ ಆಗಿದೆಯಾ, ಹಳೇ ಲೋನ್‌ನ ಎಚ್‌ಪಿ ತೆಗೆಸಿದ್ದಾರಾ, ಚಾಸಿ ನಂಬರ್ ಆರ್‌ಸಿಗೆ ತಾಳೆ ಆಗುತ್ತಾ ನೋಡಿ. "ಪೇಪರ್ ಆಮೇಲೆ ಮಾಡಿಸ್ಕೊಡ್ತೀನಿ ಸಾರ್" ಅಂದವರ ಹತ್ರ ತಗೋಬೇಡಿ.

ದುಡ್ಡು ಮೊದಲು ಎಲ್ಲಿ ಹಾಕಬೇಕು

ಗಾಡಿ ಮನೆಗೆ ಬಂತು. ಈಗ ಸೈಲೆನ್ಸರ್ ಬದಲಾಯಿಸೋಣ, ಅಲಾಯ್ ಹಾಕಿಸೋಣ ಅನ್ನೋ ಆಸೆ ಬರುತ್ತೆ. ತಡ್ಕೊಳ್ಳಿ. ಸದ್ದು ಜಾಸ್ತಿ ಆದ್ರೆ ವೇಗ ಜಾಸ್ತಿ ಆಗೋದಿಲ್ಲ.

ಮೊದಲು ಬ್ರೇಕು. ಹೊಸ ಪ್ಯಾಡ್, ಲೈನರ್, ಹೊಸ ಬ್ರೇಕ್ ಆಯಿಲ್. ಹಳೇ ಆಯಿಲ್ ಗಾಳಿಯ ತೇವ ಎಳೆದುಕೊಂಡಿರುತ್ತೆ. ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಬಿಸಿಗೆ ಆ ತೇವ ಕುದ್ದು ಆವಿಯಾಗಿ ಪೆಡಲ್ ತಳ ಮುಟ್ಟುತ್ತೆ. ಕೆಲವೇ ನೂರು ರೂಪಾಯಿ ಕೆಲಸ, ಜೀವ ಉಳಿಸೋ ಕೆಲಸ.

ಆಮೇಲೆ ಶಾಕ್ ಅಬ್ಸಾರ್ಬರ್, ಬುಷ್, ಬಾಲ್ ಜಾಯಿಂಟ್, ಎಂಜಿನ್ ಮೌಂಟಿಂಗ್, ಬೆಲ್ಟು, ಹೋಸ್ ಪೈಪು. ಕಂಪನಿ ಸಾಮಾನೇ ಸಾಕು, ಹೊಸದಿರಲಿ. ಮಣ್ಣು ರಸ್ತೆಗೆ ಎಂಜಿನ್ ಅಡಿಗೆ ಸಂಪ್ ಗಾರ್ಡ್ ಬೇಕೇ ಬೇಕು. ಒಂದು ಕಲ್ಲು ಬಡಿದು ಆಯಿಲ್ ಸೋರಿದ್ರೆ ಎಂಜಿನ್ ಕತೆ ಮುಗೀತು.

ಟೈರಿಗೆ ಕಂಜೂಸ್ ಮಾಡಬೇಡಿ. ಗಾಡಿಗೂ ಭೂಮಿಗೂ ಇರೋ ಸಂಬಂಧ ನಾಲ್ಕು ಅಂಗೈ ಅಗಲದ ರಬ್ಬರ್ ಅಷ್ಟೇ.

ಹೆಲ್ಮೆಟ್: ಸ್ಪರ್ಧೆಯ ರೂಲ್ ಬುಕ್ ಹೇಳಿದ ದರ್ಜೆಯದ್ದೇ ತಗೊಳ್ಳಿ. ಬೈಕ್‌ಗೆ ಹಾಕೋ ಅರ್ಧ ಟೋಪಿ ನಡೆಯೋದಿಲ್ಲ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಯಾರು ಬಿಟ್ಟಿ ಕೊಟ್ಟರೂ ಬೇಡ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿಂದ ಚೆನ್ನಾಗೇ ಕಾಣುತ್ತೆ.

ರೋಲ್ ಕೇಜ್ ಬಗ್ಗೆ ವೆಲ್ಡಿಂಗ್ ಅಂಗಡಿಯವರೂ ಸ್ವಲ್ಪ ಗಮನ ಕೊಡಬೇಕು. ಗೇಟು, ಗ್ರಿಲ್ ಮಾಡೋ ಪೈಪಿನಲ್ಲಿ, ನೀರಿನ ಜಿಐ ಪೈಪಿನಲ್ಲಿ ಕೇಜ್ ಮಾಡಿಕೊಡಬೇಡಿ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಮುಖ್ಯ ಕಮಾನಿಗೆ ಜೋಡಣೆ ಗೆರೆ ಇಲ್ಲದ ಸೀಮ್‌ಲೆಸ್ ಉಕ್ಕಿನ ಕೊಳವೆ ಬೇಕು, 45 ಮಿ.ಮೀ. ವ್ಯಾಸ ಇದ್ರೆ 2.5 ಮಿ.ಮೀ. ದಪ್ಪ, 50 ಮಿ.ಮೀ. ಇದ್ರೆ 2 ಮಿ.ಮೀ. ದಪ್ಪ. ಗಾಡಿ ಮಗುಚಿದಾಗ ಮಡಚಿಕೊಳ್ಳೋ ಕೇಜ್, ಇಲ್ಲದೇ ಇರೋದಕ್ಕಿಂತ ಅಪಾಯ.

ಇನ್ನೊಂದು ಮಾತು. ಕೇಜ್ ಹಾಕಿದ ಗಾಡಿಯನ್ನು ದಿನಾ ಪೇಟೆಗೆ ಓಡಿಸಬೇಡಿ. ಹೆಲ್ಮೆಟ್ ಇಲ್ಲದ ತಲೆ ಸಣ್ಣ ಡಿಕ್ಕಿಗೂ ಆ ಕಬ್ಬಿಣಕ್ಕೇ ಹೋಗಿ ಬಡಿಯುತ್ತೆ. ಮಕ್ಕಳನ್ನು ಅದರಲ್ಲಿ ಶಾಲೆಗೆ ಬಿಡೋದಂತೂ ಬೇಡವೇ ಬೇಡ. ಕೇಜ್ ಬೇಕಾಗೋದು ಸ್ಪೀಡ್ ರ‍್ಯಾಲಿಗೆ ಹೋಗುವಾಗ. ಟಿಎಸ್‌ಡಿಗೆ ಅದರ ಗೊಡವೆಯೇ ಇಲ್ಲ. ಆಟೋಕ್ರಾಸ್‌ಗೆ ಎಂಟ್ರಿ ಕೊಡುವಾಗ ನಿಮ್ಮ ವರ್ಗಕ್ಕೆ ಏನೇನು ಬೇಕು ಅಂತ ರೂಲ್ ಬುಕ್ ಓದಿಕೊಳ್ಳಿ.

ಕಾನೂನು ಏನು ಹೇಳುತ್ತೆ

ದೇಶದಲ್ಲಿ ಈ ಆಟ ನೋಡಿಕೊಳ್ಳೋದು ಎಫ್‌ಎಂಎಸ್‌ಸಿಐ. ಅದರ ಅನುಮತಿ ಇರೋ ಸ್ಪರ್ಧೆಗೆ ಮಾತ್ರ ಹೋಗಿ, ಅದರ ಲೈಸೆನ್ಸ್ ಮಾಡಿಸಿ. ಆರ್‌ಟಿಒ ಡಿಎಲ್ ಬೇರೆ, ಇದು ಬೇರೆ. ಅನುಮತಿ ಇಲ್ಲದ ಸ್ಪರ್ಧೆಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದಾರೋ ಇಲ್ವೋ, ಜನರನ್ನು ದೂರ ನಿಲ್ಲಿಸೋರು ಇದ್ದಾರೋ ಇಲ್ವೋ, ಕೇಳೋರೇ ಇರೋದಿಲ್ಲ.

ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಮತ್ತೆ ಸಿಕ್ಕಿಬಿದ್ರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಓಡಿಸಿದವನಿಗೆ ಹದಿನೆಂಟು ತುಂಬಿಲ್ಲ ಅಂದ್ರೆ 199ಎ ಸೆಕ್ಷನ್ ಪ್ರಕಾರ ಪೋಷಕರು ಇಲ್ಲವೇ ಗಾಡಿ ಮಾಲೀಕರೇ ಹೊಣೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗನ ಕೈಗೆ ಕೀ ಕೊಡೋ ಅಪ್ಪಂದಿರು ಇದನ್ನು ಎರಡು ಸಲ ಓದಬೇಕು.

ಗಾಡಿಯ ಮೂಲ ಸ್ವರೂಪ ಬದಲಾಯಿಸೋಕೆ 52ನೇ ಸೆಕ್ಷನ್ ಅಡ್ಡ ಬರುತ್ತೆ. ಎಂಜಿನ್ ಬದಲಿಸೋದು, ಬಾಡಿ ಕತ್ತರಿಸೋದು ಮಾಡೋ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ.

ಇನ್ಶೂರೆನ್ಸ್ ವಿಷಯದಲ್ಲೂ ಭ್ರಮೆ ಬೇಡ. ಮಾಮೂಲಿ ಕಾರ್ ಪಾಲಿಸಿಯಲ್ಲಿ ಆಯೋಜಿತ ರೇಸ್, ವೇಗ ಪರೀಕ್ಷೆಗೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತೆ. ಸ್ಟೇಜ್‌ನಲ್ಲಿ ಗಾಡಿ ಪುಡಿಯಾದ್ರೆ ನಷ್ಟ ನಿಮ್ಮದೇ. ಅದಕ್ಕೇ ಮೊದಲಿಂದ ಹೇಳ್ತಿರೋದು, ಹೋದ್ರೆ ಹೋಯ್ತು ಅನ್ನೋ ಬೆಲೆಯ ಗಾಡಿನೇ ತಗೊಳ್ಳಿ. ಲೋನ್ ಮಾಡಿ ರೇಸ್ ಕಾರು ತಗೊಂಡ್ರೆ ಗಾಡಿ ಗುಜರಿಗೆ ಹೋದ ಮೇಲೂ ಇಎಂಐ ಕಟ್ತಾ ಇರಬೇಕಾಗುತ್ತೆ.

ಮನೆಯವರಿಗೆ ಒಂದು ಮಾತು

ಮಗ ರೇಸ್ ಅಂದ ತಕ್ಷಣ ಬೈದು ಕೂರಿಸಿದ್ರೆ ಆಸೆ ಹೋಗೋದಿಲ್ಲ, ಜಾಗ ಮಾತ್ರ ಬದಲಾಗುತ್ತೆ. ಘಾಟಿ ತಿರುವಿನಲ್ಲಿ ಎದುರಿಗೆ ಬಸ್ಸು ಬರುತ್ತೆ, ದನ ಅಡ್ಡ ಬರುತ್ತೆ, ಬೇರೆಯವರ ಮಕ್ಕಳು ಬರ್ತಾರೆ. ಗುರುತು ಹಾಕಿದ ಬಯಲಲ್ಲಿ ಬರೋದು ಬರೀ ಧೂಳು.

ಈ ವರ್ಷ ಮನೆ ಕಾರಿನಲ್ಲಿ ಒಂದು ಟಿಎಸ್‌ಡಿ, ಪಕ್ಕದ ಸೀಟಿನಲ್ಲಿ ಅಪ್ಪನೇ ನ್ಯಾವಿಗೇಟರ್. ಗೆಲ್ಲದಿದ್ರೂ ಮಗ ಹೇಗೆ ಗಾಡಿ ಓಡಿಸ್ತಾನೆ ಅನ್ನೋದಾದ್ರೂ ಅಪ್ಪನಿಗೆ ಗೊತ್ತಾಗುತ್ತೆ. ಬರೋ ವರ್ಷ ತಳ ಗಟ್ಟಿ ಇರೋ ಒಂದು ಹಳೇ ಮಾರುತಿ, ಒಳ್ಳೆ ಹೆಲ್ಮೆಟ್, ಹೊಸ ಬ್ರೇಕು, ಎರಡು ಆಟೋಕ್ರಾಸ್. ಅಷ್ಟರಲ್ಲಿ ಕೈ ಪಳಗಿದ್ಯಾ, ದುಡ್ಡು ತಾಳುತ್ತಾ ಎರಡೂ ಗೊತ್ತಾಗಿರುತ್ತೆ. ಸ್ವಿಫ್ಟೋ ಪೋಲೋನೋ ಅನ್ನೋ ಚರ್ಚೆಯನ್ನ ಆಗ ಮಾಡೋಣ.